ಚೀಲದಲ್ಲಿ ಒಂಬತ್ತು ಸಾಮಾನು: 38 ಸೆಕೆಂಡಿನ ಒಂದು ಪ್ರಕರಣ

ಆ ಚೀಲ ತುಂಬಿಸಿ ಕೊಟ್ಟವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರುವ ತಪ್ಪುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನನ್ನವು.

ದಿನಾ ಜೊತೆಗೆ ಒಯ್ಯುವ ಸಾಮಾನಿನ ಹುಚ್ಚು ನನಗೆ ಹಳೆಯದು. ಎವ್ರಿಡೇ ಕ್ಯಾರಿ ಅಂತಾರಲ್ಲ, ಚಿಕ್ಕದಾಗಿ ಇಡಿಸಿ, ಅದು. ಹೊಸ ಟಾರ್ಚು ಬಂದಿದೆ ಅಂದರೆ ಒಮ್ಮೆ ಕೈಯಲ್ಲಿ ಹಿಡಿದು ನೋಡದೆ ಸಮಾಧಾನ ಇಲ್ಲ. ಅಕ್ಕನಿಗೆ ರಾತ್ರಿ ಪಾಳಿ ಶುರುವಾದಾಗ ಈ ಹುಚ್ಚಿಗೆ ಒಂದು ನೆಪ ಸಿಕ್ಕಿತು. ಒಂದು ಅಡ್ಡ ಪಟ್ಟಿಯ ಚೀಲ ತಂದೆ. ಅದರೊಳಗೆ ಪೆಪ್ಪರ್ ಸ್ಪ್ರೇ, ಟಾರ್ಚು, ಟಾರ್ಚಿಗೆ ಇನ್ನೊಂದು ಬ್ಯಾಟರಿ, ಚಾಕು ಇಕ್ಕಳ ಎಲ್ಲ ಒಂದರಲ್ಲೇ ಮಡಚಿಟ್ಟ ಮಲ್ಟಿಟೂಲ್, ಕುಬೊಟಾನ್ ಅನ್ನುವ ಗಟ್ಟಿ ಕಡ್ಡಿ, ಸೀಟಿ, ಪವರ್ ಬ್ಯಾಂಕ್, ಗಾಯಕ್ಕೆ ಬೇಕಾದ ಸಾಮಾನಿನ ಪೌಚ್. ಒಂಬತ್ತನೆಯದು ಪಿನ್ ಎಳೆದರೆ ಕಿರುಚುವ ಪುಟ್ಟ ಅಲಾರಂ. ಅದಕ್ಕೆ ಒಳಗೆ ಜಾಗ ಇರಲಿಲ್ಲ. ಹೊರಗೆ ಪಟ್ಟಿಗೆ ಕ್ಲಿಪ್ ಹಾಕಿ ಸಿಕ್ಕಿಸಿದೆ, ಪಿನ್ನಿನ ದಾರವನ್ನು ಚೀಲದ ಜಿಪ್ಪಿಗೆ ಗಂಟು ಹಾಕಿದೆ. ಎಲ್ಲ ಸೇರಿ ಒಂದೂವರೆ ಕಿಲೋ ಹತ್ತಿರ ಬಂತು.

"ಇದೇನೋ, ಯುದ್ಧಕ್ಕೆ ಕಳಿಸ್ತಿದೀಯಾ?" ಅಂದಳು ಅಕ್ಕ. "ಸುಮ್ನೆ ಹಾಕ್ಕೊಂಡು ಹೋಗಕ್ಕಾ" ಅಂದೆ. ಯಾವುದನ್ನು ಹೇಗೆ ಹಿಡಿಯಬೇಕು, ಯಾವಾಗ ತೆಗೆಯಬೇಕು ಅಂತ ಹತ್ತು ನಿಮಿಷ ಕೂತು ತೋರಿಸಲಿಲ್ಲ.

ನಡೆದದ್ದು

ಅಕ್ಕ ಕೆಲಸ ಮಾಡುವ ಕಟ್ಟಡಕ್ಕೆ ಅಂಟಿಕೊಂಡೇ ಪಾರ್ಕಿಂಗ್ ಇದೆ. ರಾತ್ರಿ 11:20ರ ಸುಮಾರು. ಕೆಳಗಿನ ಹಂತ, ಅರ್ಧ ಖಾಲಿ, ಟ್ಯೂಬ್‌ಲೈಟ್‌ಗಳಲ್ಲಿ ಕೆಲವು ಉರಿಯುತ್ತಿಲ್ಲ. ಅಲ್ಲಿನ ಕ್ಯಾಮೆರಾದಲ್ಲಿ ಎಲ್ಲ ದಾಖಲಾಗಿದೆ. ಆ ದೃಶ್ಯವನ್ನು ಅಕ್ಕನ ಜೊತೆ ಕೂತು ಏಳೆಂಟು ಸಲ ನೋಡಿದ್ದೇನೆ. ದನಿ ಇಲ್ಲ, ಚಿತ್ರ ಮಾತ್ರ. ಮಾತುಗಳು ಅಕ್ಕ ಹೇಳಿದ್ದು, ಸೆಕೆಂಡುಗಳು ಕ್ಯಾಮೆರಾ ಹೇಳಿದ್ದು.

ಲಿಫ್ಟ್ ಬಾಗಿಲು ತೆರೆಯುತ್ತದೆ. ಅಕ್ಕ ಹೊರಗೆ ಬರುತ್ತಾಳೆ. ಕಣ್ಣು ಫೋನಿನ ಮೇಲೆ, ಒಂದು ಕಿವಿಯಲ್ಲಿ ಇಯರ್‌ಫೋನ್. ಮೂರನೇ ಸೆಕೆಂಡಿಗೆ ಕಂಬದ ಪಕ್ಕದಿಂದ ಒಬ್ಬ ಈಚೆ ಬರುತ್ತಾನೆ. ನಡುವೆ ಮೂರು ಕಾರು ನಿಲ್ಲುವಷ್ಟು ಜಾಗ, ಅಂದರೆ ಏಳು ಮೀಟರ್ ಇದ್ದೀತು.

"ಮೇಡಂ, ಒಂದ್ ನಿಮಿಷ. ಟೈಮ್ ಎಷ್ಟಾಯ್ತು?"

ಅಕ್ಕ ನಿಲ್ಲುತ್ತಾಳೆ, ಫೋನ್ ನೋಡಿ ಹೇಳುತ್ತಾಳೆ. ಅಷ್ಟರಲ್ಲಿ ಅವನು ನಾಲ್ಕು ಮೀಟರಿಗೆ ಬಂದಿದ್ದಾನೆ. ಒಂಬತ್ತನೇ ಸೆಕೆಂಡಿಗೆ ಎರಡನೇ ಮಾತು: "ಒಂದೇ ಒಂದು ಕಾಲ್ ಮಾಡ್ಬೇಕು, ಫೋನ್ ಕೊಡ್ತೀರಾ? ಅರ್ಜೆಂಟ್ ಇದೆ."

"ಇಲ್ಲ, ಸಾರಿ" ಅನ್ನುತ್ತಾಳೆ. ಏನೋ ಸರಿ ಇಲ್ಲ ಅಂತ ಅವಳಿಗೆ ಅನಿಸಿದ್ದು ಆಗ. ಹನ್ನೆರಡನೇ ಸೆಕೆಂಡಿಗೆ ಕೈ ಚೀಲಕ್ಕೆ ಹೋಗುತ್ತದೆ. ತಲೆಯೂ ಚೀಲದ ಕಡೆ ಬಗ್ಗುತ್ತದೆ.

ಮುಂದಿನ ಹನ್ನೊಂದು ಸೆಕೆಂಡು ನೋಡುವುದಕ್ಕೇ ಕಷ್ಟ. ಅಕ್ಕ ಹುಡುಕುತ್ತಲೇ ಇದ್ದಾಳೆ. ಅವನು ಮಾತಾಡುತ್ತಾ ನಿಧಾನವಾಗಿ ಹತ್ತಿರ ಬರುತ್ತಿದ್ದಾನೆ. ಹದಿನೇಳನೇ ಸೆಕೆಂಡಿಗೆ ಮೆಟ್ಟಿಲ ಕಡೆಯಿಂದ ಇನ್ನೊಬ್ಬ ಕಾಣಿಸಿಕೊಂಡು ಅಲ್ಲೇ ನಿಲ್ಲುತ್ತಾನೆ. ಈ ಎರಡನೆಯವನು ಇದ್ದ ಅನ್ನುವುದೇ ಅಕ್ಕನಿಗೆ ಗೊತ್ತಾದದ್ದು ಕ್ಯಾಮೆರಾ ನೋಡಿದ ಮೇಲೆ.

"ಮೊದಲು ಕೈಗೆ ಪವರ್ ಬ್ಯಾಂಕ್ ಸಿಕ್ತು" ಅಂದಳು ಆಮೇಲೆ. "ಆಮೇಲೆ ಟಾರ್ಚು. ಅದನ್ನ ಬದಿಗೆ ತಳ್ಳಿ ಸ್ಪ್ರೇ ಹುಡುಕಿದೆ." ಸ್ಪ್ರೇ ಒಳಜೇಬಿನಲ್ಲಿತ್ತು, ಅದಕ್ಕೂ ಒಂದು ಜಿಪ್.

ಇಪ್ಪತ್ತಮೂರನೇ ಸೆಕೆಂಡಿಗೆ ಸ್ಪ್ರೇ ಹೊರಗೆ ಬಂತು. ಅದರ ಮೇಲ್ಭಾಗ ತಿರುಗಿಸಿದರೆ ಮಾತ್ರ ಲಾಕ್ ಬಿಡುತ್ತದೆ. ಮೊದಲು ತಪ್ಪು ದಿಕ್ಕಿಗೆ ತಿರುಗಿಸಿದಳು. ಅಷ್ಟರಲ್ಲಿ ಅವನು ಚೀಲದ ಪಟ್ಟಿ ಹಿಡಿದಾಗಿತ್ತು. ಇಪ್ಪತ್ತೇಳನೇ ಸೆಕೆಂಡಿಗೆ ಒತ್ತಿದಳು. ಬಂದದ್ದು ಜೋರಾದ ಧಾರೆ ಅಲ್ಲ, ಪುಸ್ಸೆಂದು ಒಂದು ಮಂಜು. ಸ್ವಲ್ಪ ಅವನ ಅಂಗಿಗೆ ಬಿತ್ತು, ಉಳಿದದ್ದು ಇವಳ ಮುಖಕ್ಕೆ. ಅವನು ಪಟ್ಟಿ ಜಗ್ಗಿದ. ಅಕ್ಕ ಒಂದು ಮೊಣಕಾಲ ಮೇಲೆ ಕುಸಿದಳು.

ಜಗ್ಗಿದ ರಭಸಕ್ಕೆ ಅಲಾರಂ ಪಿನ್ ಕಿತ್ತು ಬಂತು.

ಕಾಂಕ್ರೀಟ್ ಗೋಡೆಗಳ ನಡುವೆ ಆ ಸದ್ದು ಹೇಗಿತ್ತು ಅಂತ ಚಿತ್ರದಲ್ಲಿ ಕೇಳಿಸುವುದಿಲ್ಲ, ಆದರೆ ಕಾಣಿಸುತ್ತದೆ. ಅವನ ಎರಡೂ ಭುಜ ಮೇಲೆ ಹೋಗುತ್ತವೆ. ಪಟ್ಟಿ ಬಿಡುತ್ತಾನೆ. ಮೆಟ್ಟಿಲ ಹತ್ತಿರ ಇದ್ದವನು ಅವನಿಗಿಂತ ಮೊದಲೇ ಓಡುತ್ತಾನೆ. 38ನೇ ಸೆಕೆಂಡಿಗೆ ಇಬ್ಬರೂ ಚಿತ್ರದಲ್ಲಿಲ್ಲ.

ಎಷ್ಟು ಹೊತ್ತು ನಡೆಯಿತು ಅಂತ ಕೇಳಿದರೆ ಅಕ್ಕ ಆಗ ಹೇಳಿದ್ದು "ಎರಡು ಮೂರು ನಿಮಿಷ".

ಚೀಲದೊಳಗಿನ ಹನ್ನೊಂದು ಸೆಕೆಂಡು

ಸ್ವರಕ್ಷಣೆಯ ತರಗತಿಗಳಲ್ಲಿ ಪದೇ ಪದೇ ಬರುವ ಹೆಸರು ಡೆನ್ನಿಸ್ ಟ್ಯುಲರ್. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ. ಚಾಕು ಹಿಡಿದವನು 21 ಅಡಿ ದೂರ ಓಡಿ ಬರಲು ಸುಮಾರು ಒಂದೂವರೆ ಸೆಕೆಂಡು ಸಾಕು ಅಂತ 1983ರಲ್ಲಿ ಬರೆದರು. ಎಷ್ಟೋ ಜನ ಇದನ್ನು "21 ಅಡಿ ಆಚೆ ಇದ್ದರೆ ಭಯ ಇಲ್ಲ" ಅಂತ ಉಲ್ಟಾ ಓದಿಕೊಂಡಿದ್ದಾರೆ. ಟ್ಯುಲರ್ ಹೇಳಿದ್ದು ಅಷ್ಟು ದೂರದಲ್ಲೂ ನಿಮ್ಮ ಹತ್ತಿರ ಸಮಯ ಇಲ್ಲ ಅಂತ. ಅದೂ ಸೊಂಟದಲ್ಲೇ ಪಿಸ್ತೂಲು ಇರುವ ಪೊಲೀಸರಿಗೆ. ಅಕ್ಕನ ಪ್ರಕರಣದಲ್ಲಿ 21 ಅಡಿಗಿಂತ ಸ್ವಲ್ಪ ಜಾಸ್ತಿಯೇ ದೂರ ಇತ್ತು. ಆದರೆ ಅವಳ ಸಾಮಾನು ಎರಡು ಜಿಪ್ಪಿನ ಹಿಂದೆ.

ಆಯ್ಕೆ ಜಾಸ್ತಿ ಆದಷ್ಟು ಕೈ ತಡವಾಗುತ್ತದೆ ಅಂತಲೂ ಹೇಳುತ್ತಾರೆ. ಬ್ರಿಟಿಷ್ ಮನಶ್ಶಾಸ್ತ್ರಜ್ಞ ವಿಲಿಯಂ ಹಿಕ್ 1952ರಲ್ಲಿ ತೋರಿಸಿದ ಸಂಗತಿ ಅದು. ಇಲ್ಲಿ ಅದನ್ನು ಜಾಸ್ತಿ ಎಳೆಯಬಾರದು ಅಂತ ನನ್ನ ಅಭಿಪ್ರಾಯ. ಅಕ್ಕ ಆಯ್ಕೆ ಮಾಡಲು ತಡ ಮಾಡಲಿಲ್ಲ. ಸ್ಪ್ರೇ ಬೇಕು ಅಂತ ಮೊದಲ ಕ್ಷಣದಲ್ಲೇ ಅವಳಿಗೆ ಗೊತ್ತಿತ್ತು. ಹೋದ ಸಮಯ ಹುಡುಕಾಟಕ್ಕೆ. ಒಳಗಿದ್ದ ಉಳಿದ ಏಳು ಸಾಮಾನು ಆಯ್ಕೆಗಳಾಗಿರಲಿಲ್ಲ, ಅಡ್ಡ ಬಂದ ಕಸ ಆಗಿದ್ದವು.

ಸಮಯಕ್ಕಿಂತ ದೊಡ್ಡ ನಷ್ಟ ತಲೆ ಬಗ್ಗಿಸಿದ್ದು. ನಿಮ್ಮ ಕಣ್ಣು ಚೀಲದೊಳಗೆ ಇದ್ದಾಗ ಎದುರಿನವನ ಕೈ ಕಾಣುವುದಿಲ್ಲ, ಎರಡನೆಯವನು ಕಾಣುವುದಿಲ್ಲ, ಓಡಲು ಇರುವ ದಾರಿ ಕಾಣುವುದಿಲ್ಲ. ಅಕ್ಕನ ಬಲಕ್ಕೆ ಹತ್ತು ಹೆಜ್ಜೆಯಲ್ಲಿ ಲಿಫ್ಟ್ ಬಾಗಿಲು ಇನ್ನೂ ತೆರೆದೇ ಇತ್ತು! ಹದಿನೈದನೇ ಸೆಕೆಂಡಿನವರೆಗೂ ತೆರೆದಿತ್ತು. ಭಯದಲ್ಲಿ ನೋಟ ಹೇಗೂ ಕೊಳವೆಯ ಹಾಗೆ ಕಿರಿದಾಗುತ್ತದೆ, ಬೆರಳುಗಳಿಗೆ ಸಣ್ಣ ಕೆಲಸ ಬರುವುದಿಲ್ಲ. ಅಂಥ ಬೆರಳಿಗೆ ನಾನು ಕೊಟ್ಟದ್ದು ಎರಡು ಜಿಪ್ಪು, ಒಂದು ತಿರುಗಿಸುವ ಲಾಕು.

ಸ್ಪ್ರೇ ಯಾಕೆ ಕೈಕೊಟ್ಟಿತು

ಇದು ಪೂರ್ತಿ ನನ್ನ ತಪ್ಪು. ಆ ಡಬ್ಬಿ ನನ್ನ ಹಳೆಯದು. ಹೊಸದು ಕೊಂಡಾಗ ಹಳೆಯದನ್ನು ಅಕ್ಕನ ಚೀಲಕ್ಕೆ ಹಾಕಿದ್ದೆ. ಒಂದು ಇಡೀ ಬೇಸಿಗೆ ಅದು ನನ್ನ ಕಾರಿನ ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಬೆಂದಿತ್ತು. ತಳದಲ್ಲಿದ್ದ ಅವಧಿಯ ತಾರೀಕು ಅಳಿಸಿ ಹೋಗಿತ್ತು. ಅಲುಗಾಡಿಸಿದರೆ ಒಳಗೆ ದ್ರವ ಕುಲುಕುವುದು ಕೇಳುತ್ತಿತ್ತು. ತುಂಬಿದೆ ಅಂದುಕೊಂಡೆ.

ತುಂಬಿತ್ತು ನಿಜ. ಪೆಪ್ಪರ್ ಸ್ಪ್ರೇಯಲ್ಲಿ ಇರುವುದು ಮೆಣಸಿನಕಾಯಿಯಿಂದ ತೆಗೆದ ಎಣ್ಣೆಯಂಥ ಸಾರ, ಅದನ್ನು ಹೊರಗೆ ತಳ್ಳಲು ಒತ್ತಡದಲ್ಲಿ ತುಂಬಿದ ಅನಿಲ. ಖಾರ ಅಷ್ಟು ಬೇಗ ಹೋಗುವುದಿಲ್ಲ. ಅನಿಲ ಮಾತ್ರ ಸೀಲಿನ ಸಂದಿಯಿಂದ ನಿಧಾನವಾಗಿ ಸೋರುತ್ತಲೇ ಇರುತ್ತದೆ. ಅದಕ್ಕೇ ಡಬ್ಬಿಯ ಮೇಲೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವರ್ಷದ ಅವಧಿ ಹಾಕಿರುತ್ತಾರೆ. ಬಿಸಿಲಿಗೆ ಕಾದ ಕಾರಿನಲ್ಲಿ ಇಟ್ಟರೆ ಸೀಲ್ ಇನ್ನೂ ಬೇಗ ಹಾಳು. ಮೂರು ನಾಲ್ಕು ಮೀಟರ್ ಹಾರಬೇಕಾದದ್ದು ಅರ್ಧ ಮೀಟರಿಗೇ ಸುಸ್ತಾಯಿತು.

ಎರಡನೆಯದು ಗಾಳಿ. ಸ್ಪ್ರೇಗಳಲ್ಲಿ ನೇರ ಧಾರೆ ಬರುವುದು, ಜೆಲ್, ನೊರೆ, ಮಂಜಿನಂತೆ ಹರಡುವುದು ಅಂತ ಬಗೆಗಳಿವೆ. ಮಂಜಿನದ್ದಕ್ಕೆ ಗುರಿ ಅಷ್ಟು ಬೇಕಿಲ್ಲ, ಆದರೆ ಗಾಳಿ ಎತ್ತ ಹೋದರೆ ಅದೂ ಅತ್ತ. ನಾನು ಕೊಟ್ಟದ್ದು ಮಂಜಿನದ್ದು. ಕಟ್ಟಡದ ಒಳಗೆ ಎಲ್ಲಿಯ ಗಾಳಿ ಅಂತೀರಾ? ಪಾರ್ಕಿಂಗ್ ಚಾವಣಿಯಲ್ಲಿ ಹೊಗೆ ಹೊರಗೆ ಹಾಕುವ ಫ್ಯಾನುಗಳು ಇಡೀ ರಾತ್ರಿ ತಿರುಗುತ್ತಿರುತ್ತವೆ. ಅವು ಗಾಳಿಯನ್ನು ರ‍್ಯಾಂಪ್ ಕಡೆ ತಳ್ಳುತ್ತಿದ್ದವು, ಅಕ್ಕ ನಿಂತದ್ದೂ ಅದೇ ಕಡೆ. ಮುಚ್ಚಿದ ಜಾಗಕ್ಕೆ ಜೆಲ್ ಅಥವಾ ಧಾರೆ ಬರುವುದೇ ವಾಸಿ.

ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ ಸ್ಕೋವಿಲ್ ಅಂಕೆ, ಅಂದರೆ ಖಾರದ ಅಳತೆ, ನೋಡಿ ನಾನು ಹಿಂದೆ ಮರುಳಾಗಿದ್ದೆ. ಲಕ್ಷಗಟ್ಟಲೆ ಅಂಕೆ ಕಂಡರೆ ಯಾರಿಗೆ ಆಸೆ ಆಗಲ್ಲ? ಅದು ಒಳಗೆ ಹಾಕುವ ಮೊದಲಿನ ಸಾರದ ಖಾರ. ಡಬ್ಬಿಯಿಂದ ಹೊರಬರುವುದರ ಬಲ ತಿಳಿಯಲು ನೋಡಬೇಕಾದದ್ದು ಒಟ್ಟು ದ್ರವದಲ್ಲಿ ಖಾರ ಕೊಡುವ ಕ್ಯಾಪ್ಸೈಸಿನಾಯ್ಡ್‌ಗಳು ಶೇಕಡಾ ಎಷ್ಟಿವೆ ಅನ್ನುವುದನ್ನು. ಮನುಷ್ಯರ ಮೇಲೆ ಬಳಸುವವುಗಳಲ್ಲಿ ಅದು ಸಾಮಾನ್ಯವಾಗಿ 0.18ರಿಂದ 1.33ರ ಒಳಗೆ ಇರುತ್ತದೆ. ಇನ್ನು, ಎಷ್ಟೇ ಬಲ ಇದ್ದರೂ ಕಣ್ಣಿಗೆ ತಾಗಿದ ಕೂಡಲೇ ಎಲ್ಲರೂ ಬೀಳುವುದಿಲ್ಲ. ಸಿಂಪಡಿಸಿದ ಮೇಲೆ ಅಲ್ಲೇ ನಿಂತು ಏನಾಯಿತು ಅಂತ ನೋಡಬಾರದು, ಜಾಗ ಬಿಟ್ಟು ಓಡಬೇಕು.

ಕಣ್ಣು

ಇಬ್ಬರು ಓಡಿಹೋದ ಮೇಲೆ ಅಕ್ಕನಿಗೆ ನಿಜವಾದ ಪೆಟ್ಟು ಬಿದ್ದದ್ದು ಅವಳ ಸ್ಪ್ರೇಯಿಂದಲೇ. ಅವಳು ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಾಳೆ. ಉರಿ ತಡೆಯಲಾಗದೆ ಕಣ್ಣು ಉಜ್ಜಿದಳು. ಲೆನ್ಸ್ ತೆಗೆಯಲು ಬೆರಳು ಹಾಕಿದಳು. ಸ್ಪ್ರೇ ಒತ್ತಿದ ಅದೇ ಬೆರಳು. ಆ ನೋವನ್ನು ಅವಳು ಇವತ್ತಿಗೂ ಎರಡು ಹೆರಿಗೆಯ ಪಕ್ಕ ಇಟ್ಟು ಹೇಳುತ್ತಾಳೆ.

ಸರಿಯಾದ ಕ್ರಮ ಹೀಗೆ: ಮೊದಲು ಸ್ವಚ್ಛ ಗಾಳಿಗೆ ಬರುವುದು, ಕೈಯನ್ನು ಸೋಪು ಹಾಕಿ ತೊಳೆಯುವುದು, ಆಮೇಲೆ ಲೆನ್ಸ್ ತೆಗೆದು ಬಿಸಾಡುವುದು, ತಣ್ಣೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಕಣ್ಣು ಮಿಟುಕಿಸುತ್ತಾ ತೊಳೆಯುವುದು. ಉಜ್ಜಬಾರದು, ಕ್ರೀಮು ಎಣ್ಣೆ ಹಚ್ಚಬಾರದು. ಸೆಕ್ಯುರಿಟಿಯವರೊಬ್ಬರು ಹಾಲು ತರಲು ಓಡಿದ್ದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ. ಆದರೆ 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹಾಲು, ಬೇಬಿ ಶಾಂಪೂ, ನೀರು ಇವನ್ನೆಲ್ಲ ಹೋಲಿಸಿದಾಗ ನೋವು ಇಳಿಯುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇಳಿಸಿದ್ದು ಸಮಯ. ಅಕ್ಕನಿಗೂ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತು ಕಾರು ಓಡಿಸುವ ಮಾತೇ ಇರಲಿಲ್ಲ.

ಫೋನೂ ಒದ್ದಾಡಿಸಿತು. ಕಣ್ಣು ಬಿಡಲು ಆಗುತ್ತಿಲ್ಲ, ಒದ್ದೆ ಬೆರಳಿಗೆ ಪರದೆ ತೆರೆಯುತ್ತಿಲ್ಲ. ಹೇಗೋ ಮಾಡಿ ಕಾಲ್ ಮಾಡಿದ್ದು ನನಗೆ. ನಾನು ಅಲ್ಲಿಗೆ ತಲುಪಲು ನಲವತ್ತು ನಿಮಿಷ ಬೇಕಿತ್ತು. ಮೊದಲ ಕಾಲ್ ಹೋಗಬೇಕಿದ್ದದ್ದು ತುರ್ತು ಸಂಖ್ಯೆಗೆ. ಈಗಿನ ಬಹಳಷ್ಟು ಫೋನುಗಳಲ್ಲಿ ಪವರ್ ಬಟನ್ ಐದು ಸಲ ಒತ್ತಿದರೆ ಅದೇ ಕಾಲ್ ಮಾಡುವ ಸೌಲಭ್ಯ ಇದೆ, ಸೆಟ್ಟಿಂಗ್‌ನಲ್ಲಿ ಆನ್ ಮಾಡಿರಬೇಕು ಅಷ್ಟೇ. ಒಂಬತ್ತು ಸಾಮಾನು ಕೊಟ್ಟವನು ಇದೊಂದನ್ನು ಮಾಡಿಕೊಟ್ಟಿರಲಿಲ್ಲ.

ದೂರು ಕೊಟ್ಟೆವು. ಅದರ ಬಗ್ಗೆ ಜಾಸ್ತಿ ಬರೆಯುವಂಥದ್ದು ಇಲ್ಲ. ಉಪಯೋಗಕ್ಕೆ ಬಂದದ್ದು ಒಂದೇ: ಕ್ಯಾಮೆರಾ ದೃಶ್ಯ ತೆಗೆದಿಡಿ ಅಂತ ಮರುದಿನ ಬೆಳಿಗ್ಗೆಯೇ ಬರೆದು ಕೊಟ್ಟಿದ್ದೆವು. ಕೆಲವು ದಿನಗಳಾದರೆ ಹಳೆಯದರ ಮೇಲೆ ಹೊಸದು ತಾನಾಗಿ ದಾಖಲಾಗುತ್ತಾ ಹೋಗುತ್ತದೆ.

ಗೆದ್ದದ್ದು ಯಾವುದು

ಅಲಾರಂ. ಅದೂ ಅಕಸ್ಮಾತ್ತಾಗಿ. ಚೀಲದೊಳಗೆ ಜಾಗ ಇಲ್ಲದ್ದಕ್ಕೆ ಹೊರಗೆ ಉಳಿದದ್ದು, ಹೊರಗೆ ಇದ್ದದ್ದಕ್ಕೆ ಕೆಲಸ ಮಾಡಿತು. ಅದಕ್ಕೂ ಹಿಂದಿನ ವಾರ ಲಿಫ್ಟಿನಲ್ಲಿ ಯಾರದೋ ಛತ್ರಿಗೆ ಸಿಕ್ಕಿ ಕಿರುಚಿ ಮಾನ ಕಳೆದಿತ್ತಂತೆ. "ಬಿಚ್ಚಿ ಬಿಸಾಕ್ತೀನಿ" ಅಂದಿದ್ದಳು.

ಹಾಗಂತ ಅಲಾರಂ ಒಂದಿದ್ದರೆ ಸಾಕು ಅಂತ ನಾನು ಹೇಳಲಾರೆ. ಮುಚ್ಚಿದ ಕಾಂಕ್ರೀಟ್ ಜಾಗ, ಹತ್ತಿರದಲ್ಲೇ ಕಾವಲಿನವರು, ಕದಿಯಲು ಬಂದವರಿಗೆ ಸದ್ದು ಬೇಡ. ಈ ಮೂರೂ ಅವತ್ತು ಕೂಡಿ ಬಂದವು. ಬಯಲಿನಲ್ಲಿ ದೂರ ಎರಡು ಪಟ್ಟು ಆದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಯಾರೂ ಇಲ್ಲದ ಕಡೆ ಎಷ್ಟು ಕಿರುಚಿದರೇನು? ಸೀಟಿಯದ್ದೂ ಅದೇ ಕಥೆ, ಜೊತೆಗೆ ಅದಕ್ಕೆ ಉಸಿರು ಬೇಕು. ಏದುಸಿರು ಬಿಡುವವಳು ಸೀಟಿ ಊದುವುದು ಹೇಗೆ?

ಕುಬೊಟಾನ್ ಬಗ್ಗೆ ಒಂದು ಮಾತು. ತಕಾಯುಕಿ ಕುಬೊಟಾ ಎಂಬ ಕರಾಟೆ ಗುರುಗಳಿಂದ 1970ರ ದಶಕದಲ್ಲಿ ಹೆಸರಾದ, ಸುಮಾರು 14 ಸೆಂಟಿಮೀಟರ್ ಉದ್ದದ ಗಟ್ಟಿ ಕಡ್ಡಿ ಅದು. ಕಲಿತವರ ಕೈಯಲ್ಲಿ ಅದು ಏನೆಲ್ಲ ಮಾಡುತ್ತದೆ ಅಂತ ನೋಡಿದ್ದೇನೆ. ಕಲಿಯದವರ ಕೈಯಲ್ಲಿ ಅದು ಕೀಚೈನ್. ಯುದ್ಧಕಾಲೇ ಶಸ್ತ್ರಾಭ್ಯಾಸ ಅನ್ನುತ್ತಾರಲ್ಲ, ನಾನು ಅಕ್ಕನಿಂದ ಮಾಡಿಸಿದ್ದು ಅದನ್ನೇ. ಕಾನೂನಿನದ್ದು ಬೇರೆ ತಲೆನೋವು. ಒಂದು ಕಡೆ ಅಂಗಡಿಯಲ್ಲಿ ಸಿಗುವ ಪೆಪ್ಪರ್ ಸ್ಪ್ರೇ, ಬ್ರಿಟನ್ನಿನಲ್ಲಿ 1968ರ ಬಂದೂಕು ಕಾಯ್ದೆಯಡಿ ನಿಷೇಧಿತ ಆಯುಧ. ಚಾಕುವಿನ ಉದ್ದಕ್ಕೂ ದೇಶಕ್ಕೊಂದು ಲೆಕ್ಕ. ಇರುವ ಜಾಗದ ನಿಯಮ ನೋಡದೆ ಯಾರಿಗೂ ಚೀಲ ತುಂಬಿಸಿ ಕೊಡಬಾರದು.

ಗಡಿಯಾರ ಹಿಡಿದು

ಎರಡು ವಾರದ ನಂತರ ಅಕ್ಕನೇ ಕರೆದಳು. "ಬಾ, ನಿನ್ನ ಸಾಮಾನೆಲ್ಲ ತಗೊಂಡು ಬಾ." ಒಳಗೆ ಬರೀ ನೀರಿರುವ ಅಭ್ಯಾಸದ ಸ್ಪ್ರೇ ತಂದೆ. ಅದೇ ಚೀಲ, ಅದೇ ಒಳಜೇಬು, ನಾನು ಏಳು ಮೀಟರ್ ದೂರ. ಸ್ಟಾಪ್‌ವಾಚ್ ಅವಳ ಮಗಳ ಕೈಯಲ್ಲಿ. ಕೂತ ಜಾಗದಲ್ಲಿ, ಭಯ ಏನೂ ಇಲ್ಲದೆ, ಒಳ್ಳೆ ಬೆಳಕಿನಲ್ಲಿ ತೆಗೆಯಲು ಒಂಬತ್ತು ಸೆಕೆಂಡು ಹಿಡಿಯಿತು. ಇನ್ನೊಮ್ಮೆ, ಏಳು. ಅಂಗಿಯ ಬಲಜೇಬಿನಲ್ಲಿಟ್ಟಾಗ ಎರಡು. ಕೈಯಲ್ಲೇ ಹಿಡಿದು ನಡೆದಾಗ ಹೇಳುವಂಥ ಸಮಯವೇ ಇಲ್ಲ.

ಅಭ್ಯಾಸ ಮಾಡುತ್ತಾ ಇನ್ನೊಂದು ವಿಷಯ ಹೊರಬಂತು. "ಅವನು ಚೀಲ ಹಿಡಿದಾಗ ಬಿಟ್ಟುಬಿಡಬಹುದಿತ್ತಲ್ಲ?" ಅಂದೆ. ಅಕ್ಕ ನನ್ನನ್ನೇ ನೋಡಿದಳು. "ಹೇಗೆ ಬಿಡ್ಲಿ? ಮನೆ ಕೀ, ಕಾರ್ ಕೀ, ಐಡಿ ಕಾರ್ಡು, ಎಲ್ಲ ಅದರಲ್ಲೇ. ಅಡ್ಡ ಪಟ್ಟಿ ಬೇರೆ, ಕುತ್ತಿಗೆಯಿಂದ ಬಿಚ್ಚೋಕೂ ಆಗಲ್ಲ." ಕಳ್ಳನಿಗೆ ಬೇಕಿದ್ದದ್ದು ಆ ಚೀಲ. ಅದನ್ನು ಎಸೆದು ಓಡುವ ದಾರಿಯನ್ನೇ ನಾನು ಮುಚ್ಚಿಟ್ಟಿದ್ದೆ. ಸಾಮಾನು ಆರಿಸುವ ನಮ್ಮಂಥವರು ಯಾವುದನ್ನು ಹೊರಬೇಕು ಅಂತ ಗಂಟೆಗಟ್ಟಲೆ ಚರ್ಚೆ ಮಾಡುತ್ತೇವೆ. ಯಾವುದನ್ನು ಬಿಸಾಡಿ ಓಡಬಹುದು ಅಂತ ಒಮ್ಮೆಯೂ ಕೇಳಿಕೊಳ್ಳುವುದಿಲ್ಲ.

ಈಗ ಕೀಗಳೂ ಫೋನೂ ಅವಳ ಎಡಜೇಬಿನಲ್ಲಿ. ಬಲಜೇಬಿನಲ್ಲಿ ಹೊಸ ಜೆಲ್ ಸ್ಪ್ರೇ, ತಾರೀಕನ್ನು ಮಾರ್ಕರ್ ಪೆನ್ನಿನಿಂದ ದಪ್ಪಗೆ ಬರೆದದ್ದು. ಲಿಫ್ಟ್ ಬಾಗಿಲು ತೆರೆಯುವ ಮೊದಲೇ ಚಿಕ್ಕ ಟಾರ್ಚು ಕೈಗೆ ಬಂದಿರುತ್ತದೆ. ಅದರ ಬಟನ್ ಹಿಂಬದಿಯಲ್ಲಿದೆ, ಹೆಬ್ಬೆರಳಿಗೆ ಸಿಗುತ್ತದೆ. ಬೆಳಕಿರುವ ಪಾರ್ಕಿಂಗ್‌ನಲ್ಲಿ ಅದು ಯಾರ ಕಣ್ಣನ್ನೂ ಪೂರ್ತಿ ಕುರುಡು ಮಾಡುವುದಿಲ್ಲ, ಆದರೆ ನಾನು ನಿಮ್ಮನ್ನು ನೋಡಿದೆ ಅಂತ ಹೇಳುತ್ತದೆ. ಅಲಾರಂ ಅದೇ ಜಾಗದಲ್ಲಿದೆ. ಚೀಲ ಈಗ ಒಂದೇ ಭುಜದ್ದು. ಗಾಯದ ಪೌಚ್ ಕಾರಿಗೆ ಹೋಯಿತು. ಅದನ್ನು ಬಿಟ್ಟುಬಿಡಲು ನಾನು ಒಪ್ಪಲಿಲ್ಲ. ರಸ್ತೆಯಲ್ಲಿ ರಕ್ತ ನಿಲ್ಲಿಸುವ ಪ್ರಸಂಗ ಹೊಡೆದಾಟಕ್ಕಿಂತ ಬೇಗ ಎದುರಾಗುತ್ತದೆ. ಉಳಿದದ್ದೆಲ್ಲ ನನ್ನ ಕಪಾಟಿಗೆ ವಾಪಸ್.

ಮಾತನ್ನೂ ಅಭ್ಯಾಸ ಮಾಡಿದೆವು. ಮೊದಮೊದಲು ಅವಳಿಗೆ ನಗು. ನಾನು "ಟೈಮ್ ಎಷ್ಟಾಯ್ತು?" ಅನ್ನಬೇಕು, ಅವಳು ಫೋನ್ ನೋಡದೆ, ನಿಲ್ಲದೆ "ಹನ್ನೊಂದೂವರೆ ಇರ್ಬೇಕು" ಅನ್ನಬೇಕು. ನಾನು ಇನ್ನೂ ಹತ್ತಿರ ಬಂದರೆ ಎಡಗೈ ಅಂಗೈ ಮುಂದೆ, ದೊಡ್ಡ ದನಿಯಲ್ಲಿ "ಅಲ್ಲೇ ನಿಲ್ಲಿ!" ಈ "ಅಲ್ಲೇ ನಿಲ್ಲಿ" ಗಂಟಲಿನಿಂದ ಹೊರಬರಲು ಹತ್ತು ಸಲವಾದರೂ ಬೇಕಾಯಿತು. ಗೊತ್ತಿಲ್ಲದವರ ಮೇಲೆ ದನಿ ಎತ್ತುವುದು ಒರಟುತನ ಅಂತ ಚಿಕ್ಕಂದಿನಿಂದ ಕಲಿತದ್ದು ಅಡ್ಡ ನಿಂತಿತ್ತು.

ಎರಡು ತಿಂಗಳಾದ ಮೇಲೆ ಒಂದು ರಾತ್ರಿ, ಅದೇ ಹಂತ. ಲಿಫ್ಟಿನಿಂದ ನಾಲ್ಕು ಹೆಜ್ಜೆ ಹೋಗಿರಬೇಕು, ಹಿಂದಿನಿಂದ ದನಿ. "ಮೇಡಂ, ಒಂದ್ ನಿಮಿಷ."

ಅಕ್ಕ ಮೊದಲು ಒಂದು ಕಾರಿನ ಆಚೆ ಬದಿಗೆ ದಾಟಿದಳು. ಆಮೇಲೆ ತಿರುಗಿದಳು. ಅಂಗೈ ಮುಂದೆ, ಟಾರ್ಚು ಅವನ ಎದೆಯ ಮಟ್ಟಕ್ಕೆ. "ಅಲ್ಲೇ ನಿಲ್ಲಿ. ಅಲ್ಲಿಂದಲೇ ಹೇಳಿ, ಕೇಳಿಸುತ್ತೆ."

ಹೊಸದಾಗಿ ಸೇರಿದ ಸೆಕ್ಯುರಿಟಿಯವರು. ಕೈಯಲ್ಲಿ ಅವಳದೇ ಪಾರ್ಕಿಂಗ್ ಪಾಸ್, ಲಿಫ್ಟಿನಲ್ಲಿ ಬಿದ್ದಿತ್ತಂತೆ.

"ಆ ಕಾರಿನ ಬಾನೆಟ್ ಮೇಲೆ ಇಡಿ" ಅಂದಳು.

ಅವರು ಇಟ್ಟು ಹೋದರು. ಅಕ್ಕ ಥ್ಯಾಂಕ್ಸ್ ಹೇಳಿದ್ದು ಅವರು ಲಿಫ್ಟ್ ಬಾಗಿಲು ಮುಟ್ಟಿದ ಮೇಲೆ.